ಹನ್ನೆರಡನೇ ಮನಿ ಮುಂದ

ಮದಲೇ ಹೇಳಿಬಿಡ್ತೀನಿ, ನನ್ನ ಸಿಟ್ಟು ಭಾಳ ಕೆಟ್ಟದು. ಮಹಾರಾಷ್ಟ್ರದ ಗಡಿಯೊಳಗ, ಉಮರ್ಗಾದ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯೊಳಗ ಇಪ್ಪತ್ತು ವರ್ಷ ಟೈಪಿಂಗ್ ಅಂಗಡಿ ನಡಸೀನಿ. ಗಿರಾಕಿ ಕೂಡ ಜಗಳ ಆಗದ ದಿನಾ ಬೆರಳ ಮ್ಯಾಗ ಎಣಸಬಹುದು. ಮದುವಿ ಪತ್ರಿಕಾದಾಗ ಸೋದರಮಾವನ ಹೆಸರು ತಾವೇ ಬಿಟ್ಟು ಬರಕೊಂಡು ಬರ್ತಾರ, ಛಾಪಾ ಆದ ಮ್ಯಾಗ ‘ತಾಯಿ, ತುಮ್ಹೀಚ್ ವಿಸರ್‌ಲಾತ್’ ಅಂತ, ನೀವೇ ಮರತೀರಿ ಅಂತ, ನನ್ನ ಮ್ಯಾಗ ಹಾಕ್ತಾರ. ವಲಾಂಡಿಯಿಂದ ಬಂದಿದ್ದ ಒಬ್ಬ ಯಜಮಾನಗ ನಾ ಅವನದೇ ಚೀಟಿ ಮುಖದ ಮುಂದ ಹಿಡದು ಓದಿಸಿದ್ದೆ. ಓದಿ, ಚೀಟಿ ಮಡಚಿ ಕಿಸೇದಾಗ ಇಟ್ಕೊಂಡು ಸುಮ್ಕ ಹೋದ. ಹಂಗ ನಾನೂ ಒಂದು ಸರ್ತಿ ಸುಮ್ಕ ಹೋಗಬೇಕಾದ ವ್ಯಾಳ್ಯಾ ಬಂತು. ಆದ್ರ ನನ್ನ ತಪ್ಪು ಚೀಟಿಯೊಳಗ ಮಡಚಿ ಇಡೋ ಅಂಥಾದ್ದಲ್ಲ.

ಅಂಗಡಿಯೊಳಗ ಇದ್ದದ್ದು ಒಂದೇ ಕಂಪ್ಯೂಟರ್, ಅದರೊಳಗ ಎರಡು ಸಂಸಾರ. ಚಾಲೂ ಮಾಡಿದ ಕೂಡ್ಲೇ ಕಪ್ಪು ಪಡದಿ ಮ್ಯಾಗ ಎರಡು ಸಾಲು ಬರ್ತಿದ್ದವು: ವಿಂಡೋಸಿಗಿ ಹೋಗ್ತೀಯೋ, ಲಿನಕ್ಸಿಗಿ ಹೋಗ್ತೀಯೋ? ಹೊಟ್ಟಿಪಾಡು ವಿಂಡೋಸಿನಾಗ. ಪತ್ರಿಕಾ, ಅರ್ಜಿ, ಬ್ಯಾನರು, ಎಲ್ಲಾ ಮರಾಠಿ. ನಾ ಹುಟ್ಟಿದ್ದು ಬಸವಕಲ್ಯಾಣದ ಕಡಿ, ಕಲ್ತದ್ದು ಕನ್ನಡ ಸಾಲಿ. ಆ ಹಳೇ ವಿಂಡೋಸಿನಾಗ ಕನ್ನಡ ಹೊಡದ್ರ ಒತ್ತಕ್ಷರ ಎಲ್ಲಾ ಚದುರಿ ಬೀಳ್ತಿದ್ದವು, ನೋಡಿದ್ರ ಹೊಟ್ಟಿ ಉರೀತಿತ್ತು. ಉದಗೀರದಾಗ ಒಬ್ಬರು ಮಾಸ್ತರು ಇದ್ರು, ಕಾಲೇಜಿನೊಳಗ ಕಂಪ್ಯೂಟರ್ ಕಲಸೋರು, ಲಿನಕ್ಸಿನ ಹುಚ್ಚು. ಅವರೇ ಬಂದು ಡಿಸ್ಕಿನ ಹಿಂದಿನ ಭಾಗ ಬ್ಯಾರೆ ಬ್ಯಾರೆ ತುಂಡು ಮಾಡಿ, ಒಂದರಾಗ ಲಿನಕ್ಸ್ ಹಾಕಿ, ಇನ್ನೊಂದು ದೊಡ್ಡದನ್ನ ನನ್ನ ಫೈಲ್ ಇಡ್ಲಾಕ ಬಿಟ್ಟುಕೊಟ್ರು. ಅದರೊಳಗ ಕನ್ನಡ ನೆಟ್ಟಗ ಮೂಡಿದಾಗ ನಾ ಅಂಗಡಿಯೊಳಗ ಒಬ್ಬಾಕಿನೇ ಕುಂತು ನಮ್ಮವ್ವನ ಹೆಸರು ಹೊಡದು ನೋಡಿದ್ದೆ. ಆ ಮ್ಯಾಗ ವಿಂಡೋಸ್ ಅಂದ್ರ ದುಡಿಯೋ ಜಾಗಾ, ಲಿನಕ್ಸ್ ಅಂದ್ರ ಮನಿ. ದುಡದು ಬಂದು ಮನ್ಯಾಗ ಕುಂತು ಮಾಡಬೇಕಾದ ಒಂದು ಕೆಲಸಾ ನನಗ ಬಂದಿತ್ತು. ಅದು ನಮ್ಮ ಮಾವನದು, ನನ್ನ ಗಂಡನ ಅಪ್ಪಂದು.

ನಮ್ಮದು ಅಯ್ಯನೋರ ಮನೆತನ. ನಮ್ಮ ಮಾವ ಸಾಸ್ತೂರದ ಆಚಿ ಒಂದು ಊರಿಗಿ ಅಯ್ಯ. ಊರಿನ ಹೆಸರು ಬರಿಯಂಗಿಲ್ಲ, ಮನಸ್ಸು ಬರವಲ್ದು. ಹುಟ್ಟಿದ್ರ ಲಿಂಗಾ ಕಟ್ಟೋದು, ಸತ್ರ ಮಣ್ಣಿಗಿ ಇಡೋದು, ವಾರಕ್ಕ ಒಂದು ಸರ್ತಿ ಜೋಳಗಿ ಹಾಕ್ಕೊಂಡು ಮನಿ ಮನಿ ಮುಂದ ನಿಲ್ಲೋದು, ಇಷ್ಟು ಅವರ ಕೆಲಸಾ. ಆ ಸುತ್ತಿಗಿ ಒಂದು ನೇಮ ಇತ್ತು. ಅಗಸಿಯ ಬೇವಿನ ಕಟ್ಟಿಯಿಂದ ಸುರು ಮಾಡಬೇಕು, ಬಲಗಡಿಂದ ಹೋಗಬೇಕು, ಒಂದು ಮನಿನೂ ಬಿಡಬಾರದು. ಬಾಗಿಲ ಮುಂದ ಗಂಟಿ ಬಾರಸಬೇಕು, ನಿಲ್ಲಬೇಕು. ಎಷ್ಟು ಹೊತ್ತು? ರೊಟ್ಟಿ ಬಡೀಲಾಕತ್ತ ಹೆಣ್ಣಮಗಳು ಎದ್ದು, ಕೈ ತೊಳಕೊಂಡು, ಮೊರದಾಗ ಜೋಳ ತಗೊಂಡು ಹೊಸ್ತಿಲಿಗಿ ಬರೋ ಅಷ್ಟು ಹೊತ್ತು. ಆಕಿ ಬರಲಿ, ಬಿಡಲಿ, ಅಷ್ಟು ನಿಂತೇ ಮುಂದ ಹೋಗಬೇಕು. ‘ಬಾರಿಸಿ ಓಡಿ ಹೋದ್ರ ಅಂವಾ ಅಯ್ಯ ಅಲ್ಲ, ಅಂಚೆಯಂವ’ ಅಂತಿದ್ರು ಮಾವ.

ಗಣಪತಿ ಕಳಿಸಿ ಊರು ಮಲಗಿದ್ದಾಗ ಭೂಮಿ ನಡುಗಿ ಆ ಊರು ನೆಲಕ್ಕ ಕುಂತಿತು. ಆಗ ನಂದು ಇನ್ನಾ ಮದುವಿ ಆಗಿರ್ಲಿಲ್ಲ. ಮಾವನ ಮಗಳನ್ನ, ನನ್ನ ನಾದಿನೀನ, ಅದೇ ಊರಿಗಿ ಕೊಟ್ಟಿದ್ರು. ಆಕೀನ ನಾ ಫೋಟೋದಾಗ ಅಷ್ಟೇ ನೋಡೀನಿ. ಹಣಿತುಂಬ ವಿಭೂತಿ ಬಡಕೊಂಡು ನಗಲಾಕತ್ತಾಳ. ಕಲ್ಲು ಮಣ್ಣಿನ ಗೋಡಿ ಆಕಿ ಮ್ಯಾಗ ಬಿತ್ತು. ಮಾವ ಉಮರ್ಗಾದಿಂದ ಹೋಗಿ ಮುಟ್ಟೋದ್ರಾಗ ಎಲ್ಲಾ ಹೆಣಾ ಒಟ್ಟಿಗೇ ಸುಟ್ಟಿದ್ರು, ಮಣ್ಣಿಗಿ ಇಡ್ಲಾಕ ಯಾರಿಗೂ ಆಗಿರ್ಲಿಲ್ಲ. ಒಂದು ಊರಿನ ಅಯ್ಯ ಅಷ್ಟು ಮಂದಿ ಸತ್ತಾಗ ಒಬ್ಬರ ತಲಿ ಮ್ಯಾಗನೂ ಕೈ ಇಡ್ಲಿಲ್ಲ. ಅದು ಅವರನ್ನ ಒಳಗೇ ತಿಂತು.

ಉಳದೋರಿಗಿ ಸರ್ಕಾರ ಆಚಿ ಬಯಲಾಗ ಹೊಸ ಊರು ಕಟ್ಟಿಕೊಟ್ತು, ಗೀಟು ಹೊಡದಂಗ ನೆಟ್ಟಗಿನ ಓಣಿ, ನಂಬರಿನ ಮನಿ. ಹಳೇ ಊರಾಗ ಯಾರ ಬಾಜೂಕ ಯಾರು ಇದ್ರೋ ಅದು ಅಲ್ಲಿಗೇ ಹೋತು. ಮಾವ ಹೊಸ ಊರಾಗೂ ಸುತ್ತು ಹಾಕ್ತಿದ್ರು, ಆದ್ರ ವರ್ಷಕ್ಕ ಒಂದು ದಿನಾ, ಗಣಪತಿ ಕಳಿಸಿದ ಮರುದಿನಾ ಮುಂಜಾನಿ, ಹಳೇ ಊರಿನ ಬಯಲಿಗಿ ಹೋಗ್ತಿದ್ರು. ಅಲ್ಲಿ ಜಾಲಿ ಬೆಳದದ, ಕಲ್ಲಿನ ಗುಂಪಿ ಅದಾವ, ಕೆಲವು ಕಡಿ ತೊಗರಿ ಬಿತ್ಯಾರ. ಬೇವಿನ ಕಟ್ಟಿ ಇದ್ದ ಜಾಗಾದಿಂದ ಸುರು ಮಾಡಿ, ಬಲಗಡಿಂದ, ನಲವತ್ತಮೂರು ಮನಿ. ಪ್ರತಿ ಮನಿ ಇದ್ದ ಜಾಗಾದಾಗ ಗಂಟಿ ಬಾರಿಸಿ, ಮನಿ ಹೆಸರು ಹೇಳಿ, ಹೋದೋರ ಹೆಸರು ಹೇಳಿ, ಆ ಹೆಣ್ಣಮಗಳು ಕೈ ತೊಳಕೊಂಡು ಬರೋ ಅಷ್ಟು ಹೊತ್ತು ನಿಂತು, ಮುಂದ. ಒಬ್ಬರೇ. ಯಾರೂ ಬರಬಾರದು ಅಂತಿರ್ಲಿಲ್ಲ, ಯಾರೂ ಹೋಗ್ತಿರ್ಲಿಲ್ಲ ಅಷ್ಟೇ. ನನ್ನ ಗಂಡ ಬಸ್ ಕಂಡಕ್ಟರ್. ಅಂವಗ ತಂಗಿ ಹೋದ ಜಾಗಾ ನೋಡೋ ಧೈರ್ಯ ಇರ್ಲಿಲ್ಲ.

ಇಪ್ಪತ್ತು ವರ್ಷ ದಾಟಿದ ಮ್ಯಾಗ ಒಂದು ಸರ್ತಿ ಮಾವ ತಿರುಗಿ ಬಂದು ಜಗಲಿ ಮ್ಯಾಗ ಕುಂತ್ರು, ನೀರು ಕೊಟ್ರ ತಗೊಳ್ಳಲಿಲ್ಲ. ‘ಒಂದು ಮನಿ ಎರಡು ಸರ್ತಿ ನಿಂತೆ ಅನಸ್ತದ’ ಅಂದ್ರು. ‘ಹಂಗಂದ್ರ ಒಂದು ಮನಿ ಬಿಟ್ಟೀನಿ.’ ಮರವು ಸುರು ಆಗಿತ್ತು, ನಮಗ ಆಗ ತಿಳೀಲಿಲ್ಲ, ಅವರಿಗಿ ತಿಳದಿತ್ತು.

ಮರುದಿನಾ ಅಂಗಡಿಗಿ ಬಂದು ನನ್ನ ಬಾಜೂಕ ಸ್ಟೂಲ್ ಮ್ಯಾಗ ಕುಂತು ಅಂದ್ರು, ‘ನಾ ಹೇಳ್ತೀನಿ, ನೀ ಬರಕೋ. ನನ್ನ ಮಗಗ ಬಾಯಿಲೇ ಬರಂಗಿಲ್ಲ, ಓದಿ ಆದ್ರೂ ಹಾಕ್ಲಿ. ಸುತ್ತು ಮುರದ್ರ ಆ ಮಂದಿ ಜೋಳ ಹಿಡಕೊಂಡು ಬಾಗಿಲದಾಗ ಹಂಗೇ ನಿಲ್ತಾರ, ತಂಗಿ.’

ಒಂದು ತಿಂಗಳು ದಿನಾ ಮುಂಜಾನಿ ಲಿನಕ್ಸ್ ಚಾಲೂ ಮಾಡಿ ಬರಕೊಂಡೆ. ಮಾವಗ ನಡುವಿನಿಂದ ಹೇಳ್ಲಿಕ್ಕಿ ಬರ್ತಿರ್ಲಿಲ್ಲ. ನಿನ್ನಿ ಹತ್ತು ಮನಿ ಆಗಿದ್ರ ಇವತ್ತು ಮತ್ತ ಬೇವಿನ ಕಟ್ಟಿಯಿಂದಾನೇ ಸುರು. ಕಣ್ಣು ಮುಚ್ಚಿ ನಡೀತಿದ್ರು, ಸ್ಟೂಲಿನ ಕೆಳಗ ಅವರ ಕಾಲು ಸೈತ ಅಲುಗ್ತಿದ್ದವು. ಜೋಡಿ ಬಾಗಿಲ ಮನಿ, ಪಡಸಾಲಿಯೊಳಗ ಮಗ್ಗ ಇದ್ದ ಮನಿ, ಮೂರು ಮೆಟ್ಟಲ ಮನಿ, ಯಾವತ್ತೂ ಜೋಳದ ಜೊತಿ ಬೆಲ್ಲಾ ಹಾಕೋ ಮುದುಕಿ ಮನಿ. ಹನ್ನೆರಡನೇದು ಬಂದಾಗ ಅವರ ದನಿ ಸಣ್ಣದಾಗ್ತಿತ್ತು. ‘ಇದು ನಮ್ಮ ಕೂಸಿನ ಮನಿ. ಇಲ್ಲಿ ಬೇಡೋದಿಲ್ಲ. ಹೊರಗ ನಿಂತು ನೀರು ಕುಡದೇವು. ನಡೀ ಮುಂದ.’ ಒಟ್ಟು ನಲವತ್ತಮೂರೂ ಆದವು. ಕಡೀ ಮನಿ ಆದ ದಿನಾ ಮಾವ ಅಂಗಡಿಯ ಮುಂದಿನ ಹೋಟೆಲಿನಿಂದ ಭಜಿ ತರಸಿದ್ರು. ಅಷ್ಟು ಹಗುರ ಆದ ಮುಖ ನಾ ಅವರದು ನೋಡಿದ್ದು ಅದೊಂದೇ ಸರ್ತಿ.

ಫೈಲಿನ ಪ್ರತಿ ಇನ್ನೊಂದು ಕಡಿ ಇಡಬೇಕು ಅಂತ ಉದಗೀರದ ಮಾಸ್ತರು ನೂರು ಸರ್ತಿ ಹೇಳಿದ್ರು. ಮೊಬೈಲಿನಾಗ ಮಾವನ ದನಿ ತುಂಬಿದ್ದೆ, ಅದನ್ನೂ ಬರಹ ಇದ್ದ ಲಿನಕ್ಸಿನ ಅದೇ ಫೈಲಿನ ತುಂಡಿಗಿ ಹಾಕಿ, ಮೊಬೈಲಿನದು ಅಳಿಸಿದೆ, ಪತ್ರಿಕಾದ ಫೋಟೋಕ್ಕ ಜಾಗಾ ಬೇಕಾಗಿತ್ತು. ಕಾಗದದ ಮ್ಯಾಗ ಛಾಪಿಸೋದು ನಾಳಿ ನಾಳಿ ಅಂತ ಹೋತು. ಛಾಪಾ ಅಂಗಡಿ ನಡಸೋ ಹೆಂಗಸು ನೋಡ್ರಿ ನಾನು.

ಅದೇ ವರ್ಷ ಮಾಸ್ತರು ಲಿನಕ್ಸಿನ ಹೊಸ ಆವೃತ್ತಿ ಹಾಕಿದ್ರು. ಹಾಕುವಾಗ ಡಿಸ್ಕಿನ ಹಳೇದೊಂದು ಸಣ್ಣ ತುಂಡು ಕಿತ್ತು ಹಾಕಿದ್ರು, ಆದ್ರ ಮಶೀನು ಏಳುವಾಗ ಯಾವ ಯಾವ ತುಂಡನ್ನ ಕರೀಬೇಕು ಅನ್ನೋ ಪಟ್ಟಿಯೊಳಗ ಅದರ ಸಾಲು ಹಂಗೇ ಉಳೀತು. ಅವತ್ತಿನಿಂದ ಲಿನಕ್ಸ್ ಚಾಲೂ ಮಾಡಿದ್ರ ಪಡದಿ ಮ್ಯಾಗ ಒಂದು ಸಾಲು ಬಂದು ನಿಲ್ತಿತ್ತು, ಬಾಜೂಕ ಸೆಕೆಂಡ್ ಎಣಿಕಿ. ಒಂದೂವರಿ ನಿಮಿಷ. ಎಣಿಕಿ ಮುಗದ ಮ್ಯಾಗ ತಾನೇ ಮುಂದ ಹೋಗ್ತಿತ್ತು. ನನಗ ಹೈರಾಣ. ಅರ್ಧಾ ನಿಮಿಷಕ್ಕೇ ಟೇಬಲ್ ಕುಟ್ಟಾಕಿ ನಾ.

ಬರಿಯೋದು ಮುಗದ್ರೂ ಮಾವ ಮುಂಜಾನಿ ಅಂಗಡಿಗಿ ಬಂದು ಸ್ಟೂಲ್ ಮ್ಯಾಗ ಕೂಡ್ತಿದ್ರು, ಅವರು ಮಾತ್ರ ಅದನ್ನ ಮೂರು ನಾಲ್ಕು ದಿನಾ ನೋಡಿದ್ರು. ಆಮ್ಯಾಗ ಕೇಳಿದ್ರು, ‘ತಂಗಿ, ಇದು ಯಾರ ಹಾದಿ ಕಾಯ್ಲಾಕತ್ತದ?’

‘ಒಂದು ತುಂಡು ಇತ್ತುರೀ ಅಪ್ಪಾ, ಈಗಿಲ್ಲ. ಇದಕ್ಕ ಗೊತ್ತಿಲ್ಲ.’

‘ಇಲ್ಲದೋರ ಬಾಗಿಲದಾಗ ನಿಂತು ಕಾಯ್ತದೇನು!’ ಅಂತ ಪಡದಿ ಹತ್ರ ಬಾಗಿ ಆ ಎಣಿಕಿ ನೋಡಿದ್ರು. ‘ಕೈ ತೊಳಕೊಂಡು ಬರೋ ಅಷ್ಟೇ ಹೊತ್ತು ನೋಡು. ಛಲೋ ಕಲಿಸ್ಯಾರ ಇದಕ್ಕ. ಬಯ್ಯಬ್ಯಾಡ.’ ಆ ಮ್ಯಾಗ ದಿನಾ ಆ ಒಂದೂವರಿ ನಿಮಿಷ ಮಾವ ಕೈ ಕಟ್ಟಿಕೊಂಡು ನೆಟ್ಟಗ ಕುಂತಿರ್ತಿದ್ರು. ನಾ ಬಯ್ಯೋದು ಬಿಡ್ಲಿಲ್ಲ, ಮನಸ್ಸಿನಾಗ ಬಯ್ದೆ.

ನಿಲಂಗಾದಾಗ ಒಬ್ಬರು ಇಂಟರ್ನೆಟ್ ಅಂಗಡಿ ಇಟ್ಟಿದ್ರು, ಅವರಿಗೂ ಲಿನಕ್ಸಿನ ಹುಚ್ಚು. ಐತವಾರಕ್ಕೊಮ್ಮೆ ಉದಗೀರದ ಮಾಸ್ತರು ಅಲ್ಲಿಗಿ ಬರ್ತಿದ್ರು, ಇಬ್ಬರೂ ಕೂಡಿ ಚಹಾ ಕುಡದು ಕಿತ್ತಾಡ್ತಿದ್ರು. ಆ ಸಾಲು ತಗಸಬೇಕು ಅಂತ ನಾ ಒಂದು ಐತವಾರ ಸಿಪಿಯು ಡಬ್ಬಿ ಮಡಲಾಗ ಇಟ್ಕೊಂಡು ನಿಲಂಗಾದ ಬಸ್ ಹತ್ತಿದೆ. ಐದು ನಿಮಿಷದ ಕೆಲಸಾ ಅಂತ ತಿಳದಿದ್ದೆ.

ಮಾಸ್ತರು ಸಾಲು ನೋಡಿದ್ದೇ ತಡಾ, ಸುರು ಆದ್ರು. ‘ನಾ ಹೇಳಿದ್ದಿಲ್ಲೇನು? ಎಲ್ಲಾ ಈ ಸಿಸ್ಟಮ್‌ಡಿ ಅನ್ನೋ, ಮಶೀನು ಎಬ್ಬಿಸೋ ಹೊಸ ಪ್ರೋಗ್ರಾಮಿನ ಹಣೇಬರಾ. ಮದಲ ಮಶೀನು ಏಳುವಾಗ ಯಾವ ಕೆಲಸಾ ಮದಲು, ಯಾವುದು ಆಮ್ಯಾಗ ಅಂತ ಸಣ್ಣ ಸಣ್ಣ ಚೀಟಿ ಇರ್ತಿದ್ದವು. ಯಾರು ಬೇಕಾದ್ರೂ ತಗದು ಓದಬಹುದು, ತಿದ್ದಬಹುದು. ಒಂದು ತುಂಡು ಸಿಗಲಿಲ್ಲಾ? ಒಂದು ಸರ್ತಿ ಕರದು, ಇಲ್ಲಂತ ಹೇಳಿ, ಮುಂದ ಹೋಗ್ತಿತ್ತು. ಈಗ ಎಲ್ಲಾದಕ್ಕೂ ಮ್ಯಾಲ ನಿಂತು ಕೆಲಸಾ ಹಚ್ಚೋ ಒಬ್ಬ ಮುಕಾದಮ ಬಂದಾನ. ಅಂವಾ ನಿಂತ್ರ ಎಲ್ಲಾರೂ ನಿಲ್ಲಬೇಕು.’

ನಿಲಂಗಾದವರು ಚಹಾದ ಬಶಿ ಕೆಳಗಿಟ್ರು. ‘ಮಾಸ್ತರ, ಚೀಟಿ ನಿಮಗ ಓದ್ಲಿಕ್ಕಿ ಬರ್ತದ, ಊರಿಗಿ ಬರಬೇಕಲ್ರೀ? ನಿಮ್ಮ ಚೀಟಿ ಒಂದರ ಹಿಂದ ಒಂದು ಕುಂಟ್ಕೋತ ನಡೀತಿದ್ದವು. ನನ್ನ ಮುಕಾದಮ ಹತ್ತು ಕೆಲಸಾ ಒಮ್ಮೆಲೇ ಹಚ್ತಾನ, ಯಾರು ಬಂದಿಲ್ಲ ಅಂತ ಹೆಸರು ಹಿಡದು ಹೇಳ್ತಾನ. ಬರಬೇಕಾದಂವಾ ಬಂದಿಲ್ಲ ಅಂದ ಮ್ಯಾಗ ಏನೂ ಆಗಿಲ್ಲ ಅನ್ನೋಹಂಗ ಮುಂದ ಹೋಗೋದು ಶಾಣ್ಯಾತನ ಏನು? ಬ್ಯಾಡಂದ್ರ ಆ ಸಾಲಿನ ಕೊನಿಗಿ ಒಂದು ಶಬ್ದ ಬರೀರಿ, ಸಿಗದಿದ್ರೂ ನಡೀ ಅಂತ. ಕೇಳ್ತಾನ ಅಂವಾ.’

‘ಹಂಗ್ಯಾಕ ಬರೀಬೇಕು? ನಾ ಹಳೇ ಪದ್ಧತೀದೇ ತಿರುಗಿ ಹಾಕ್ತೀನಿ.’

‘ಹಾಕ್ರಿ ನೋಡೂಣು. ಅರ್ಧಾ ಕೆಲಸಾ ಬಂದ್ ಬೀಳ್ತಾವ.’

ಇದು ಎರಡು ತಾಸು ನಡೀತು. ಒಬ್ಬರು ನನ್ನ ಡಬ್ಬಿ ತಮ್ಮ ಕಡಿ ಎಳೀತಾರ, ಇನ್ನೊಬ್ಬರು ತಮ್ಮ ಕಡಿ. ಒಂದು ಸಾಲು ಅಳಸ್ರೋ ಮಾರಾಯರ ಅಂದ್ರ ‘ಅಕ್ಕಾ, ಪ್ರಶ್ನಾ ಸಾಲಿಂದಲ್ಲ, ತತ್ವದ್ದು’ ಅಂದ್ರು ಇಬ್ಬರೂ ಕೂಡಿ. ಆಗ ಮಾತ್ರ ಒಂದಾದ್ರು ನೋಡ್ರಿ! ನನ್ನ ತಲಿ ಕೆಟ್ಟಿತು. ‘ನಿಮ್ಮ ತತ್ವಕ್ಕಿಷ್ಟು ಬೆಂಕಿ ಹಚ್ಚಲಿ’ ಅಂತ ಡಬ್ಬಿ ಕಸಗೊಂಡು ಬಸ್ ಸ್ಟ್ಯಾಂಡಿಗಿ ಬಂದೆ. ನಾನೇ ಮಾಡ್ಕೋತೀನಿ, ಇವರ ಮನಿ ಹಾದಿ ಇನ್ನ ತುಳಿಯಂಗಿಲ್ಲ ಅಂತ ಅಲ್ಲೇ ಮನಸ್ಸಿನಾಗ ಗಂಟು ಹಾಕಿದೆ. ಎಲ್ಲಾದಕ್ಕೂ ಮೂಲ ಆ ಗಂಟು.

ಮುಂದಿನ ಗಣಪತಿ ಕಳಿಸಿದ ಮರುದಿನಾ ಮಾವನ ಜೊತಿ ಗಂಡನೂ ಹೋದ, ಮದಲನೇ ಸರ್ತಿ. ಮಾವ ಮುಂದ, ಅಂವಾ ಹಿಂದ. ಅವತ್ತು ಮಾವನೇ ನಡಿಸಿದ್ರು, ತಪ್ಪಿದಲ್ಲಿ ನಿಂತು ನೆಪ್ಪು ಮಾಡ್ಕೊಂಡ್ರು. ಬಂದು ‘ಬರೋ ವರ್ಷ ನೀ ಬರಕೊಂಡಿದ್ದು ಛಾಪಿಸಿ ಇವನ ಕೈಯಾಗ ಕೊಡು’ ಅಂದ್ರು. ಹೂಂ ಅಂದೆ.

ಅದಾದ ಹದಿನೈದು ದಿನದಾಗ ನಮ್ಮ ಕಡಿ ದಸರಾ ಕಾಢೋದು ಬರ್ತದ. ಮರಾಠವಾಡಾದಾಗ ಇದ್ದೋರಿಗಿ ಹೇಳೋದು ಬೇಕಿಲ್ಲ. ನವರಾತ್ರಿಯ ಘಟ ಕೂಡ್ಸೋದಕ್ಕ ಮದಲ ಮನ್ಯಾಗಿನ ಎಲ್ಲಾ ಸಾಮಾನು ಹೊರಗ ಬೀಳ್ಬೇಕು. ಕೌದಿ, ಹಾಸಿಗಿ, ಡಬ್ಬಿ, ಭಾಂಡಿ, ಎಲ್ಲಾ ತೊಳೀಬೇಕು, ವರ್ಷದ ಕಸ ಒಂದು ಕಡ್ಡಿನೂ ಉಳೀಬಾರದು. ಹೆಂಗಸರಿಗಿ ಆ ಎಂಟು ದಿನಾ ಒಂದು ಥರಾ ಭೂತ ಬಡದಿರ್ತದ, ಕಂಡದ್ದೆಲ್ಲಾ ತಗದು ಒಗೀತೀವಿ. ಮನಿ ಮುಗಿಸಿ ನಾ ಅಂಗಡಿಗಿ ಬಂದೆ. ಕಪಾಟು ತೊಳದೆ, ಪಂಖಾ ಒರಸಿದೆ, ಕಂಪ್ಯೂಟರಿನ ಡಬ್ಬಿ ಬಿಚ್ಚಿ ಬ್ರಶ್ ಹಾಕಿ ಧೂಳು ತಗದೆ. ಮತ್ತ ಚಾಲೂ ಮಾಡಿ ಒಳಗಿನದೂ ಕಾಢೂಣು ಅಂತ ವಿಂಡೋಸಿನಾಗ ಕುಂತೆ. ಹಳೇ ಫೋಟೋ ಅಳಸ್ತಾ ಬಂದೆ.

ವಿಂಡೋಸಿಗಿ ಲಿನಕ್ಸಿನ ತುಂಡು ಓದಲಿಕ್ಕಿ ಬರ್ತಿರ್ಲಿಲ್ಲ. ಆ ತುಂಡಿನ ಮ್ಯಾಗ ಕೈ ಬಿದ್ದಾಗೆಲ್ಲಾ ಒಂದು ಚೌಕ ಬಂದು ಕೇಳ್ತಿತ್ತು: ಇದನ್ನ ಬಳಸಬೇಕಂದ್ರ ಸ್ವಚ್ಛ ಮಾಡಬೇಕು, ಮಾಡ್ಲೇನು? ವರ್ಷಗಟ್ಲೇ ನಾ ‘ಬ್ಯಾಡ’ ಒತ್ತಿದ್ದೆ. ಅವತ್ತು ಕೈಯಾಗ ಒದ್ದಿ ಅರಿವಿ, ಸೆರಗು ಸೊಂಟಕ್ಕ ಸಿಗಸೀನಿ, ತಲಿಯೊಳಗ ಕಸ ಕಸ ಕಸ. ನನಗ ಅನಸಿದ್ದು ಇಷ್ಟೇ: ಇದೇ ಆ ಇಲ್ಲದ ತುಂಡು, ದಿನಾ ಒಂದೂವರಿ ನಿಮಿಷ ನನ್ನ ಜೀವಾ ತಿನ್ನೋದು. ಇಬ್ಬರು ಶಾಣ್ಯಾರು ಎರಡು ತಾಸಿನಾಗ ತಗೀಲಿಲ್ಲ, ನಾ ಒಂದು ಬೆರಳಿನಾಗ ತಗೀತೀನಿ. ಹೌದು ಒತ್ತಿದೆ. ಖರೇನಾ ಅಂತ ಮತ್ತ ಕೇಳ್ತು. ಹೌದು.

ಒಂದು ಹೊಸಾ ಖಾಲಿ ಡ್ರೈವ್ ಬಂತು, ದೊಡ್ಡದು. ಖುಷಿ ಆಗಿ ಹತ್ತು ವರ್ಷದ ಮದುವಿ ಪತ್ರಿಕಾ ಎಲ್ಲಾ ಅದರೊಳಗ ಹೊಂದಿಸಿ ಇಟ್ಟೆ. ಮಶೀನಿಗಿ ವಿಭೂತಿ ಹಚ್ಚಿ, ಹೂವು ಇಟ್ಟು, ಕೈ ಮುಗದು ಮನಿಗಿ ಬಂದೆ. ಕೈ ಮುಗದೆ ನೋಡ್ರಿ.

ದಸರಾ ಮುಗದ ಮ್ಯಾಗ ಲಿನಕ್ಸ್ ಚಾಲೂ ಮಾಡಿದೆ. ಎಣಿಕಿ ಬಂತು. ಸ್ವಚ್ಛ ಮಾಡಿದ್ರೂ ಹೋಗಿಲ್ಲಲ್ಲ ಅಂತ ಸಿಟ್ಟು ಬಂತು. ಬಾಜೂಕ ಮಾವ ಕೈ ಕಟ್ಟಿಕೊಂಡು ಕುಂತಿದ್ರು. ಒಂದೂವರಿ ನಿಮಿಷ ಆತು. ಅವತ್ತು ಅದು ಮುಂದ ಹೋಗ್ಲಿಲ್ಲ. ಕಪ್ಪು ಪಡದಿ, ನಾಲ್ಕು ಬಿಳಿ ಸಾಲು, ಕೆಳಗ ಮಿಣಿಮಿಣಿ ಒಂದು ಗೀಟು. ಕರದ ಹೆಸರುಗಳೊಳಗ ಈ ಸರ್ತಿ ಎರಡು ಬಂದಿರ್ಲಿಲ್ಲ. ಒಂದು ಆ ಹಳೇ ತುಂಡು. ಇನ್ನೊಂದು ಮಾವನ ಮಾತು ಇದ್ದ ದೊಡ್ಡ ತುಂಡು. ಅದಕ್ಕ ಮಾಸ್ತರು ‘ಅಯ್ಯ’ ಅಂತಾನೇ ಹೆಸರು ಇಟ್ಟಿದ್ರು.

‘ಇವತ್ತು ಭಾಳ ಹೊತ್ತು ನಿಂತದ’ ಅಂದ್ರು ಮಾವ. ಯಾರೋ ಬಂದಾರೇನೋ ಅನ್ನೋಹಂಗ ಪಡದಿ ನೋಡಿದ್ರು.

ನನ್ನ ಗಂಟು ನಾನೇ ಬಿಚ್ಚಿ ಇಬ್ಬರಿಗೂ ಫೋನ್ ಹಚ್ಚಿದೆ. ಮಾಸ್ತರು ಉದಗೀರದಿಂದ ಎರಡು ಬಸ್ ಬದಲಿಸಿ ಓಡಿ ಬಂದ್ರು. ನಿಲಂಗಾದವರೂ ಬಂದ್ರು. ಎರಡು ದಿನಾ ನನ್ನ ಅಂಗಡಿಯೊಳಗ ಕುಂತು, ಅಳಿಸಿದ್ದು ಹುಡುಕೋ ಎಲ್ಲಾ ಸಾಧನ ಹಾಕಿ ನೋಡಿದ್ರು. ಅಳಿಸಿದ್ದರ ಮ್ಯಾಗ ನಾ ಪತ್ರಿಕಾ ತುಂಬಿದ್ದೆ. ಮಾವನ ಮಾತು ಇದ್ದ ಜಾಗಾದಾಗ ಯಾರ್ಯಾರದೋ ಮದುವಿ ಬಂದು ಕುಂತಿದ್ದವು. ಚೂರು ಪಾರು ಸಿಕ್ಕಿತು, ಒಂದಕ್ಕೊಂದು ಕೂಡೋ ಅಂಥಾದ್ದಲ್ಲ. ಎರಡನೇ ದಿನಾ ಸಂಜಿ ಮುಂದ ಕೈ ಬಿಟ್ರು. ಬಿಟ್ಟು ಸುಮ್ಕ ಕೂಡಬೇಕೋ ಬ್ಯಾಡೋ? ಮಾಸ್ತರು ಅಂದ್ರು, ‘ಆ ಕಾಯೋ ಕಾಟ ಇರದಿದ್ರ ಅಕ್ಕಾ ಇದಕ್ಕ ಕೈ ಹಚ್ತಿರ್ಲಿಲ್ಲ.’ ನಿಲಂಗಾದವರು ಅಂದ್ರು, ‘ಕಾಯ್ದದ್ದಕ್ಕೇ ಗೊತ್ತಾತು. ನಿಮ್ಮ ಹಳೇದು ಇದ್ದಿದ್ರ ಇಲ್ಲದ್ದನ್ನ ಬಿಟ್ಟು ಸುಮ್ಕ ಮುಂದ ಹೋಗಿರ್ತಿತ್ತು.’

ನಾ ಕೈಯಾಗಿನ ಚಹಾದ ಲೋಟ ಗೋಡಿಗಿ ಒಗದೆ. ‘ಎದ್ದು ಹೋಗ್ರಿ ಇಬ್ಬರೂ’ ಅಂದೆ. ಹೋದ್ರು. ಬಾಗಿಲದಾಗ ಮಾಸ್ತರು ತಿರುಗಿ ನಿಂತು, ‘ಅಕ್ಕಾ, ಆ ಸಾಲು ನಾನೇ ಉಳಿಸಿದ್ದು, ಅವತ್ತೇ ಅಳಸಬೇಕಿತ್ತು’ ಅಂದ್ರು. ಅವರ ಕಣ್ಣು ಕೆಂಪಾಗಿದ್ದವು. ಹೌದು ಒತ್ತಿದ ಬೆರಳು ನಿಮ್ಮದಲ್ಲ ಅಂದಿದ್ರ ನನಗ ಏನು ಹೋಗ್ತಿತ್ತು? ಆದ್ರೂ ಅನಲಿಲ್ಲ.

ನೀವು ಕೇಳ್ತೀರಿ, ನೀನೇ ಬರದಾಕಿ, ನಿನಗ ನೆಪ್ಪಿಲ್ಲೇನು ಅಂತ. ಬರದದ್ದು ಬೆರಳಿನಾಗ ಹೋತು, ತಲಿಗಿ ಹೋಗ್ಲಿಲ್ಲ. ಮನಿ ಹೆಸರು ನೆಪ್ಪದಾವ, ಯಾವುದರ ಆಮ್ಯಾಗ ಯಾವುದು, ಎಷ್ಟು ಹೆಜ್ಜಿ, ಎತ್ತ ಮುಖ, ಅದು ಇಲ್ಲ. ಹೊಸ ಊರಿಗಿ ಹೋಗಿ ಕೇಳಿದೆ. ಉಳದೋರು ತಮ್ಮ ಓಣಿ ಹೇಳ್ತಾರ, ಎರಡು ಮನಿ ದಾಟಿದ್ರ ಒಬ್ಬರಿಗೊಬ್ಬರು ತಕರಾರ ತಗೀತಾರ. ಸರ್ಕಾರದ ಪಟ್ಟಿಯೊಳಗ ಹೆಸರು ಅದಾವ, ಬಾಗಿಲ ಇಲ್ಲ.

ಉಳದದ್ದು ಒಂದೇ ಹಾದಿ, ಮಾವನ ಬಾಯಿ. ಅಷ್ಟ್ರಾಗ ಮರವು ಅವರನ್ನ ಪೂರಾ ಹಿಡದಿತ್ತು. ಕೆಲವು ದಿನಾ ಭೂಕಂಪ ಆಗೇ ಇಲ್ಲ ಅವರಿಗಿ. ಪಂಚಮಿಗಿ ಕೂಸನ್ನ ಕರೀಲಿಕ್ಕಿ ಯಾಕ ಹೋಗಿಲ್ಲ ಅಂತ ಮಗಗ ಬಯ್ತಿದ್ರು. ಒಂದು ಸರ್ತಿ ನನ್ನ ಗಂಡ ಖರೇ ಹೇಳಿಬಿಟ್ಟ, ‘ಅಪ್ಪಾ, ಆಕಿ ಹೋಗಿ ಇಪ್ಪತ್ತು ವರ್ಷ ಆತು’ ಅಂತ. ಆಗ ಮಾವ ಅತ್ತದ್ದು ಇಪ್ಪತ್ತು ವರ್ಷದ ಹಳೇ ಅಳು ಅಲ್ಲ, ಈಗಿಂದೀಗ ಸುದ್ದಿ ಬಂದವರ ಅಳು. ಎರಡು ದಿನಾ ಉಣ್ಣಲಿಲ್ಲ. ಅಂದಿನಿಂದ ಮನ್ಯಾಗ ಯಾರೂ ಹೇಳಬಾರದು ಅಂತ ಆತು.

ಒಂದು ಮಧ್ಯಾಹ್ನ ಜಗಲಿ ಮ್ಯಾಗ ಅವರು ಸಮಾಧಾನದಾಗ ಇದ್ದದ್ದು ನೋಡಿ, ನಾ ನೋಟ್‌ಬುಕ್ಕು ಪೆನ್ನು ಹಿಡಕೊಂಡು ಕಾಲಬುಡಕ್ಕ ಕುಂತೆ. ಕಾಗದ, ಪೆನ್ನು. ಆಗ ಬಂತು ಬುದ್ಧಿ. ‘ಅಪ್ಪಾ, ಸುತ್ತಿಗಿ ಹೋಗೂಣೇನ್ರಿ? ಬೇವಿನ ಕಟ್ಟಿಗಿ ಬಂದೇವು ನೋಡ್ರಿ.’ ಕಣ್ಣು ಮುಚ್ಚಿದ್ರು. ಕಾಲು ಅಲುಗಿದವು. ಜೋಡಿ ಬಾಗಿಲ ಮನಿ. ಮಗ್ಗದ ಮನಿ. ಮೂರು ಮೆಟ್ಟಲ ಮನಿ. ಪ್ರತಿ ಒಂದರ ಮುಂದ ನಿಂತು, ಹೆಸರು ಹೇಳಿ, ಕಾಯ್ದು, ಮುಂದ. ನಾ ಬರಕೋತ ಹೋದೆ. ಬೆಲ್ಲದ ಮುದುಕಿ ಮನಿ ಹನ್ನೊಂದನೇದು. ಅಲ್ಲಿಗಿ ಬಂದು ಮಾವ ನಿಂತ್ರು. ಕಣ್ಣು ತೆರದು ನನ್ನ ನೋಡಿದ್ರು. ‘ಇದರ ಆಮ್ಯಾಗ ಯಾರದು?’

ನನಗ ಗೊತ್ತಿತ್ತು. ನಲವತ್ತಮೂರರಾಗ ಜಾಗಾ ಸಹಿತ ನನಗ ಗೊತ್ತಿದ್ದ ಮುಂದಿನ ಮನಿ ಅದೊಂದೇ. ‘ಬಿಡ್ರಿ ಅಪ್ಪಾ, ಅದರ ಮುಂದಿನದು ಹೇಳ್ರಿ’ ಅಂದೆ. ‘ಬಿಡಬಾರದು’ ಅಂದ್ರು, ಕೂಸಿಗಿ ಹೇಳಿದಂಗ. ಮತ್ತ ಬೇವಿನ ಕಟ್ಟಿಗಿ ಹೋಗಿ ಸುರು ಮಾಡಿದ್ರು, ಮತ್ತ ಹನ್ನೊಂದಕ್ಕ ಬಂದು ನಿಂತ್ರು. ಮೂರು ಸರ್ತಿ ಹಂಗಾತು. ಅವರ ಹಣಿ ಬೆವತಿತ್ತು. ಹೇಳಿದ್ರ ಮುಂದಿನ ಮನಿಗೋಳು ಬಂದಾವು. ಹೇಳ್ದೆ.

‘ನಮ್ಮ ಕೂಸಿನ ಮನಿ ಅಲ್ಲೇನ್ರಿ ಅಪ್ಪಾ?’

‘ಹೌದ ನೋಡು!’ ಅಂದ್ರು. ಮುಖ ಬೆಳಗಿತು. ‘ನಮ್ಮ ಕೂಸಿನ ಮನಿ. ಆಕಿ ಒಳಗ ಅದಾಳೇನು?’

ಇಲ್ಲ ಅಂತ ಒಂದು ಮಾತು ಅಂದಿದ್ರ ಆಗ್ತಿತ್ತು. ಅಳ್ತಿದ್ರು. ಅತ್ತು, ಎದ್ದು, ನಡೀ ಮುಂದ ಅಂತಿದ್ರೇನೋ. ಇಪ್ಪತ್ತು ವರ್ಷ ಹಂಗೇ ಅಂದಿದ್ರಲ್ಲ. ಸತ್ತಾಳಂತ ಗೊತ್ತಿದ್ದದ್ದಕ್ಕೇ ಅವರಿಗಿ ಆ ಬಾಗಿಲ ದಾಟ್ಲಿಕ್ಕಿ ಬರ್ತಿತ್ತು. ಇದು ನನಗ ಈಗ ತಿಳೀತದ. ಆಗ ಆ ಬೆಳಗಿದ ಮುಖ ನೋಡಿ, ಜಗಳಗಂಟಿ ಅಂತ ಉಮರ್ಗಾಕ್ಕೆಲ್ಲಾ ಗೊತ್ತಿದ್ದ ನನ್ನ ಬಾಯಿಗಿ ಅದೊಂದು ಶಬ್ದ ಬರಲಿಲ್ಲ.

‘ಅದಾಳ್ರಿ. ರೊಟ್ಟಿ ಬಡೀಲಾಕತ್ತಾಳ.’

‘ಹಂಗಾದ್ರ ಕೈ ತೊಳಕೊಂಡು ಬರ್ಲಿ’ ಅಂದ್ರು ಮಾವ. ‘ಆಕಿ ಬರತನಾ ನಿಲ್ಲೂಣು.’

ನಿಂತ್ರು. ಒಂದೂವರಿ ನಿಮಿಷ ಆತು, ಅರ್ಧಾ ತಾಸು ಆತು, ಬಿಸಿಲು ಜಗಲಿ ಇಳದು ಹೋತು. ನಾ ‘ಮುಂದ ನಡೀರಿ’ ಅಂದ್ರ ಬಾಯಿ ಮ್ಯಾಗ ಬೆರಳಿಟ್ಟು ಸುಮ್ಮಿರು ಅಂದ್ರು. ಮರುದಿನಾ ಅಷ್ಟೇ, ಅದರ ಮರುದಿನಾ ಅಷ್ಟೇ. ಬೇವಿನ ಕಟ್ಟಿಯಿಂದ ಹನ್ನೆರಡನೇ ಮನಿ, ಅಲ್ಲಿಂದ ಮುಂದ ಇಲ್ಲ. ಚಳಿಗಾಲದಾಗ ಮಾವ ಹೋದ್ರು. ಕಡೀ ವಾರ ಮಾತು ನಿಂತಿತ್ತು, ಆದ್ರ ನಾ ನೀರಿನ ಲೋಟ ಹಿಡಕೊಂಡು ಹೋದಾಗೆಲ್ಲಾ ‘ಬಂದ್ಯೇನು ಕೂಸ’ ಅಂತ ತುಟಿ ಅಲುಗ್ತಿದ್ದವು. ನಾ ಹೂಂ ಅಂದು ನೀರು ಕುಡಸ್ತಿದ್ದೆ.

ಈಗ ಗಣಪತಿ ಕಳಿಸಿದ ಮರುದಿನಾ ನಾನೂ ಗಂಡನೂ ಹೋಗ್ತೀವಿ. ಅಂವಾ ಗಂಟಿ ಬಾರಸ್ತಾನ, ನಾ ನೋಟ್‌ಬುಕ್ಕಿನಿಂದ ಓದ್ತೀನಿ. ಹನ್ನೊಂದು ಮನಿ. ಆಮ್ಯಾಗ ನಾದಿನಿ ಮನಿ ಮುಂದ ನಿಂತು ಬಾಟ್ಲಿಯಿಂದ ಒಂದೊಂದು ಗುಟುಕು ನೀರು ಕುಡೀತೀವಿ. ಈ ವರ್ಷ ನನ್ನ ಗಂಡ ಗಂಟಿ ಹಿಡಕೊಂಡು ಬಲಕ್ಕ ತಿರುಗಿ, ಜಾಲಿ ಕಡಿ ನೋಡಿ, ‘ಮುಂದ ಎತ್ತ?’ ಅಂದ. ಆಚಿ ಮೂವತ್ತೊಂದು ಬಾಗಿಲದಾಗ ಮಂದಿ ಜೋಳ ಹಿಡಕೊಂಡು ನಿಂತಾರ, ನಿಲ್ಲಿಸಿದಾಕಿ ನಾನು. ಗೊತ್ತಿಲ್ಲ ಅಂದೆ. ಅಂವಾ ಗಂಟಿ ಜೋಳಗಿಯೊಳಗ ಇಟ್ಟ, ಇಬ್ಬರೂ ಬಸ್ಸಿಗಿ ನಡದೇವು.